ಬಾಗಿಲಿನ ನುಣುಪು ಬಣ್ಣದ ಡಬ್ಬಿಯಲ್ಲಿಲ್ಲ

ಹಬ್ಬವೋ ಮದುವೆಯೋ ಹತ್ತಿರ ಬಂದಾಗಲೇ ನಮಗೆ ಮನೆಯೊಳಗಿನ ಬಾಗಿಲುಗಳು ಕಾಣಿಸುತ್ತವೆ. ಅಲ್ಲಿಯವರೆಗೆ ಅವು ತೆರೆಯಲು, ಮುಚ್ಚಲು, ಸಿಟ್ಟು ಬಂದಾಗ ಬಡಿಯಲು ಇರುವ ಹಲಗೆಗಳಷ್ಟೆ. ಕಳೆದ ವರ್ಷ ನಮ್ಮ ಆಪಾ ಮನೆಯಲ್ಲೂ ಹೀಗೇ ಆಯಿತು. ಅಣ್ಣಿಗೇರಿ ಸಮೀಪದ ಹಳ್ಳಿಯ ಮನೆ ಅದು. ಮಗಳ ಮಂಗ್ನಿಗೆ ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾದದ್ದು ಹತ್ತೇ ದಿನ ಮೊದಲು. ಗೋಡೆಗಳ ಕೆಲಸ ಹೇಗೋ ಮುಗಿಯಿತು. ಒಳಗಿನ ನಾಲ್ಕು ಬಾಗಿಲು ಉಳಿದವು. ಎರಡು ಹೊಸ ಫ್ಲಶ್ ಡೋರು, ಇನ್ನೆರಡು ಆಪಾಳ ಅತ್ತೆಯ ಕಾಲದ ಹಲಗೆಯ ಬಾಗಿಲು.

ಕೂಲಿಗೆ ಬಂದ ಹುಡುಗ ಹಳೆಯ ಬಾಗಿಲುಗಳನ್ನು ಒರಟು ಪಾಲಿಶ್ ಪೇಪರಿನಿಂದ ಒಣಗೊಣಗಲೇ ಉಜ್ಜತೊಡಗಿದ. ಮೇಲೆ ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಹಳದಿ. ಮೂವತ್ತು ನಲವತ್ತು ವರ್ಷಗಳ ಈದ್‌ಗಳು ಒಂದೊಂದಾಗಿ ಪುಡಿಯಾಗಿ ಹೊಸ್ತಿಲ ಬಳಿ ರಾಶಿ ಬಿದ್ದವು. ಆಪಾಳ ಮೊಮ್ಮಗನಿಗೆ ಆಗ ಹದಿನಾಲ್ಕು ತಿಂಗಳು. ಅಂಬೆಗಾಲಿಟ್ಟು ಹೋದವನೇ ಎರಡೂ ಅಂಗೈಯನ್ನು ಆ ಹಸಿರು ಪುಡಿಗೆ ಬಡಿದು, ಬೆರಳನ್ನು ಬಾಯಿಗಿಟ್ಟುಕೊಂಡ. "ನೋಡ್ರಿ, ಪೇಂಟರ್ ಆದ" ಎಂದು ಎಲ್ಲರೂ ನಕ್ಕೆವು. ಹದಿನೆಂಟು ವರ್ಷ ಶಾಲೆಯಲ್ಲಿ ಪಾಠ ಮಾಡಿದ ನಾನೂ ನಕ್ಕೆ.

ಮಂಗ್ನಿಯ ದಿನ ಗಂಡಿನ ದೊಡ್ಡಮ್ಮ ನಡುಮನೆಯ ಬಾಗಿಲಿಗೆ ಕೈಯಿಟ್ಟು ಒಳಬಂದರು. ಬಾಯಲ್ಲಿ ಏನೂ ಅನ್ನಲಿಲ್ಲ. ಆದರೆ ಕೈ ತೆಗೆದು ಒಮ್ಮೆ ಅಂಗೈ ನೋಡಿಕೊಂಡರು. ಬಾಗಿಲಿನ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿತ್ತು; ಬ್ರಷ್ಷಿನ ಕೂದಲು, ಒಂದೆರಡು ಹುಳ ಸಹಿತ. ಬಣ್ಣ ಇನ್ನೂ ಅಂಟುತ್ತಿತ್ತು. ಆಪಾಳ ಮುಖ ನೋಡಲಾಗಲಿಲ್ಲ.

ಅದೇನೂ ದೊಡ್ಡ ವಿಷಯವಲ್ಲ ಎಂದು ಈಗ ಅನಿಸುತ್ತದೆ. ದೊಡ್ಡ ವಿಷಯ ಗೊತ್ತಾದದ್ದು ಎರಡು ವಾರದ ನಂತರ. ಪರಿಚಯದ ವೈದ್ಯರೊಬ್ಬರ ಬಳಿ ಈ ಬಾಗಿಲಿನ ಕಥೆಯನ್ನು ತಮಾಷೆಯಾಗಿ ಹೇಳುತ್ತಿದ್ದೆ. ಅವರು ನಗಲಿಲ್ಲ. "ಆ ಬಣ್ಣ ಎಷ್ಟು ವರ್ಷ ಹಳೇದು?" ಎಂದು ಮಾತ್ರ ಕೇಳಿದರು.

ಹಳೆಯ ಬಣ್ಣದ ಪುಡಿಯಲ್ಲಿ ಏನಿದೆ?

ಸೀಸ. ಹಿಂದಿನ ಎಣ್ಣೆ ಬಣ್ಣಗಳಿಗೆ ಸೀಸ ಬೆರೆಸುತ್ತಿದ್ದರು. ಬಣ್ಣ ಬೇಗ ಒಣಗಲಿ, ಹೊಳಪು ಬರಲಿ, ಬಹಳ ದಿನ ಮಾಸದಿರಲಿ ಎಂಬುದು ಕಾರಣ. ಹಳದಿ, ಕಿತ್ತಳೆ, ಹಸಿರು, ಕೆಂಪು ಮುಂತಾದ ಗಾಢ ಬಣ್ಣಗಳಲ್ಲಿ ಅದರ ಪಾಲು ಹೆಚ್ಚು. ನಮ್ಮ ಹಳ್ಳಿಗಳ ಹಳೆಯ ಬಾಗಿಲುಗಳಿಗೆ ಹಚ್ಚಿರುವುದೂ ಹೆಚ್ಚಾಗಿ ಇವೇ ಬಣ್ಣಗಳನ್ನಲ್ಲವೆ? ನಮ್ಮ ದೇಶದಲ್ಲಿ ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ. ಅದು ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಮೊದಲು ಹಚ್ಚಿದ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯುವುದು ಜಾಣತನ.

ಬಾಗಿಲ ಮೇಲೆ ಗಟ್ಟಿಯಾಗಿ ಅಂಟಿ ಕುಳಿತಿರುವವರೆಗೆ ಆ ಬಣ್ಣದಿಂದ ಅಷ್ಟು ಅಪಾಯವಿಲ್ಲ. ಚಕ್ಕೆ ಎದ್ದಾಗ, ಒಣಗಿದ್ದಂತೆಯೇ ಉಜ್ಜಿ ಪುಡಿ ಮಾಡಿದಾಗ ಅದು ಉಸಿರಿನಲ್ಲಿ, ಹಿಟ್ಟಿನ ಡಬ್ಬಿಯಲ್ಲಿ, ಮಗುವಿನ ಬೆರಳಿನಲ್ಲಿ ಸೇರುತ್ತದೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ಹೊಟ್ಟೆ ಸೀಸವನ್ನು ಬಹಳ ಹೆಚ್ಚು ಹೀರಿಕೊಳ್ಳುತ್ತದೆ. ಬೆಳೆಯುವ ಮೆದುಳಿಗೆ ಅದು ಮಾಡುವ ಹಾನಿ ಅಂದೇ ಕಾಣುವುದಿಲ್ಲ. ಮಗು ಅಳುವುದಿಲ್ಲ, ಜ್ವರ ಬರುವುದಿಲ್ಲ. ನಾಲ್ಕಾರು ವರ್ಷದ ನಂತರ ಶಾಲೆಯಲ್ಲಿ ಗಮನ ನಿಲ್ಲದ, ಪಾಠ ತಲೆಗೆ ಹತ್ತದ ಹುಡುಗನಾಗಿ ನಮ್ಮಂಥವರ ಮುಂದೆ ಕೂತಾಗ, "ದಡ್ಡ" ಎಂದುಬಿಡುತ್ತೇವೆ. ತಾಯಿಯ ಎಲುಬಿನಲ್ಲಿ ಸೇರಿಕೊಂಡ ಸೀಸ ಗರ್ಭಿಣಿಯಾದಾಗ ಕರಗಿ ಹೊಟ್ಟೆಯ ಶಿಶುವಿಗೂ ಹೋಗುತ್ತದೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದಾಗ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು, 2000ದಲ್ಲಿ ಅದು ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯವನ್ನು ವರ್ಷಗಟ್ಟಲೆ ಹೇಳುತ್ತಲೇ ಬಂದರು. ಪೆಟ್ರೋಲಿನ ಸೀಸ ಹೋಯಿತು. ನಮ್ಮ ಬಾಗಿಲಿನದು ಅಲ್ಲೇ ಇದೆ.

ಆಪಾಳ ಮೊಮ್ಮಗನ ರಕ್ತ ಪರೀಕ್ಷೆಗೆ ಹೋಯಿತು. ವರದಿ ಬರಲು ಒಂದು ವಾರ. ಆ ವಾರ ಆಪಾ ಸರಿಯಾಗಿ ಊಟ ಮಾಡಲಿಲ್ಲ. ಸೊಸೆ ಅತ್ತೆಯೊಂದಿಗೆ ಮಾತು ಬಿಟ್ಟಿದ್ದಳು. ಬಾಗಿಲು ಉಜ್ಜಿಸಿದ್ದು ಆಪಾ ತಾನೆ? ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲ ಎಲ್ಲಿದೆಯೆಂದು ಹುಡುಕಬೇಕು ಎಂಬುದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸೂಚನೆ. ಹುಡುಗನದು ಅದಕ್ಕಿಂತ ಕಡಿಮೆ ಬಂತು. ಅಲ್‌ಹಮ್ದುಲಿಲ್ಲಾಹ್. ಅತ್ತೆ ಸೊಸೆ ಒಂದೇ ಚೊಂಬಿನ ಚಹಾ ಕುಡಿದರು. ಆದರೆ ಆ ಕಾಳುಕಾಳು ಬಾಗಿಲುಗಳು ಹಾಗೇ ನಿಂತಿದ್ದವು.

ಚಾಚಾ ಹೇಳಿದ್ದು

ನಮ್ಮೂರಲ್ಲಿ ಹಿರಿಯ ಪೇಂಟರ್ ಚಾಚಾ ಒಬ್ಬರಿದ್ದಾರೆ. ಮೊಣಕಾಲು ನೋವಿನಿಂದ ಏಣಿ ಹತ್ತುವುದನ್ನು ಬಿಟ್ಟಿದ್ದಾರೆ. ಬಾಗಿಲ ಮೇಲೆ ಕೈಯಾಡಿಸಿ ಅವರು ಹೇಳಿದ ಮಾತು ಇದು: "ಬೇಟಾ, ಬಣ್ಣ ಅಂದ್ರ ಕನ್ನಡಿ ಇದ್ದಂಗ. ಕೆಳಗ ಏನೈತಿ ಅದನ್ನ ತೋರಸ್ತೈತಿ. ಕೆಳಗ ಉಸುಕಿದ್ರ ಉಸುಕು, ನುಣುಪಿದ್ರ ನುಣುಪು." ಅವರು ಕುರ್ಚಿಯಲ್ಲಿ ಕೂತು ಹೇಳಿದರು, ಆಪಾ ಮತ್ತು ನಾನು ಮಾಡಿದೆವು. ನಾಲ್ಕು ಬಾಗಿಲಿಗೆ ಎಂಟು ದಿನ ಹಿಡಿಯಿತು. ಕೈ ಕೆಲಸ ಮಾಡಿದ್ದು ದಿನಕ್ಕೆ ಎರಡು ಮೂರು ಗಂಟೆ ಮಾತ್ರ, ಉಳಿದದ್ದೆಲ್ಲ ಒಣಗಲು ಕಾಯ್ದ ಹೊತ್ತು. ಇದು ಗಂಡಸರ ಕೆಲಸ ಎನ್ನುವವರಿಗೆ ನವಲಗುಂದದ ಜಮಖಾನೆ ತೋರಿಸಬೇಕು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಜಮಖಾನೆಯನ್ನು ಮಗ್ಗದ ಮುಂದೆ ಕೂತು ನೇಯ್ದವರು ನಮ್ಮ ಹೆಣ್ಣುಮಕ್ಕಳೇ. ಎಳೆ ಎಳೆಗೆ ತಾಳ್ಮೆ ಬೇಕಾದ ಆ ಕೆಲಸದ ಮುಂದೆ ಬಾಗಿಲು ಎಷ್ಟರದು?

ಮೊದಲನೆಯದು ಕಾಲ. ಅಣ್ಣಿಗೇರಿ, ನವಲಗುಂದ, ಕುಂದಗೋಳದ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮನೆಯ ಜೊತೆ ಚೌಕಟ್ಟೂ ಕೂದಲೆಳೆಯಷ್ಟು ಸರಿಯುತ್ತದೆ. ಕಲಘಟಗಿ ಕಡೆ ಮಳೆ ಹೆಚ್ಚು, ಅಲ್ಲಿ ಕಟ್ಟಿಗೆಯೇ ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಬಾಗಿಲಿಗೆ ಬಣ್ಣ ಹಚ್ಚಿದರೆ ಬೇಸಿಗೆಯಲ್ಲಿ ಅದು ಕುಗ್ಗಿದಾಗ ಬಣ್ಣ ಸೀಳುತ್ತದೆ. ಮಳೆ ಪೂರ್ತಿ ಹಿಂದೆ ಸರಿದ ನವೆಂಬರ್, ಡಿಸೆಂಬರ್ ಒಳ್ಳೆಯದು. ಬಯಲು ಸೀಮೆಯಲ್ಲಿ ಜೋಳ, ಕಡಲೆಯ ರಾಶಿ ಶುರುವಾದ ಮೇಲೆ ಬೇಡ. ಆ ಹೊಟ್ಟೆಲ್ಲ ಹಸಿ ಬಣ್ಣಕ್ಕೇ ಬಂದು ಕೂರುತ್ತದೆ. ಈದ್‌ಗೆ ಬಣ್ಣ ಹಚ್ಚುವುದಾದರೂ ರಮಝಾನಿನ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಈದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಹವಾಮಾನ ಅದಕ್ಕೆ ಹೊಂದಿಕೊಳ್ಳುವುದಿಲ್ಲ.

ಎರಡನೆಯದು ತೊಳೆಯುವುದು. ಚಿಲಕದ ಸುತ್ತ, ಮಕ್ಕಳು ತಲೆ ಒರಗಿಸುವ ಎತ್ತರದಲ್ಲಿ, ಅಡುಗೆಮನೆಯ ಬಾಗಿಲ ಮೇಲ್ಭಾಗದಲ್ಲಿ ಎಣ್ಣೆ ಕೂತಿರುತ್ತದೆ. ಅದರ ಮೇಲೆ ಬಣ್ಣ ನಿಲ್ಲದೆ ಸಣ್ಣ ಸಣ್ಣ ಕಣ್ಣು ಬಿಡುತ್ತದೆ. ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ ಒರೆಸಿ, ಬರಿನೀರಿನಿಂದ ಎರಡು ಸಲ ಒರೆಸಿ, ಒಂದು ದಿನ ಒಣಗಲು ಬಿಡಬೇಕು. ಹೊಸ ಫ್ಲಶ್ ಡೋರಿಗೆ ಇದು ಬೇಕಿಲ್ಲ.

ಇನ್ನು ಉಜ್ಜುವುದು. ಚಾಚಾ ಇಲ್ಲೇ ನಮ್ಮನ್ನು ಹಿಡಿದು ನಿಲ್ಲಿಸಿದರು. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಕಟ್ಟಿಗೆಯವರೆಗೆ ಕೆರೆದು ತೆಗೆಯಬೇಕಿಲ್ಲ. ಹೊಳಪು ಮುರಿದರೆ ಸಾಕು. ಅದಕ್ಕೆ ಬೇಕಾದದ್ದು ಅಂಗಡಿಯವರು ವಾಟರ್ ಪೇಪರ್ ಎಂದು ಕೊಡುವ ಕಪ್ಪು ಕಾಗದ, 220 ಅಥವಾ 320ನೇ ನಂಬರಿನದು. ಅಂಗೈ ಅಗಲದ ಕಟ್ಟಿಗೆಯ ತುಂಡಿಗೆ ಸುತ್ತಿ, ನೀರಿನಲ್ಲಿ ಅದ್ದಿ ಉಜ್ಜಬೇಕು. ಬರಿ ಬೆರಳಿನಿಂದ ಉಜ್ಜಿದರೆ ಬೆರಳಿನ ಗುಂಡಿ ಬೀಳುತ್ತದೆ. ನೀರು ಹಾಕಿದಾಗ ಪುಡಿ ಹಾರುವುದಿಲ್ಲ, ಕೆಸರಾಗಿ ಬಟ್ಟೆಗೆ ಬರುತ್ತದೆ. ಕಾಗದ ಕಟ್ಟಿಕೊಳ್ಳುವುದಿಲ್ಲ, ಗೀರು ಬೀಳುವುದಿಲ್ಲ. ನೋಡಿ, ನುಣುಪು ಕೊಡುವ ಉಪಾಯವೂ ಅದೇ, ಮಗುವನ್ನು ಕಾಯುವ ಉಪಾಯವೂ ಅದೇ. ನಮ್ಮ ಕೂಲಿಯ ಹುಡುಗ ಒಂದು ಬಕೆಟ್ ನೀರು ಇಟ್ಟುಕೊಂಡಿದ್ದರೆ ಆ ಒಂದು ವಾರದ ಸಂಕಟವೇ ಇರುತ್ತಿರಲಿಲ್ಲ.

ಆ ಕೆಸರನ್ನು ಹಿತ್ತಲಿಗೆ ಚೆಲ್ಲಬೇಡಿ, ಕೋಳಿ ಮೇಯುವ ಜಾಗ ಅದು. ಹಳೆಯ ಪೇಪರಿನಲ್ಲಿ ಬಳಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ನೆಲವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಆ ಬಟ್ಟೆಯನ್ನೂ ಕಸಕ್ಕೇ ಹಾಕಿ. ಈ ಕೆಲಸದ ದಿನ ಚಿಕ್ಕ ಮಕ್ಕಳು, ಗರ್ಭಿಣಿಯರು ಬೇರೆ ಮನೆಯಲ್ಲಿರಲಿ. ಮೂಗಿಗೆ ದುಪ್ಪಟ್ಟಾ ಕಟ್ಟಿದರೆ ಸಣ್ಣ ಪುಡಿ ತಡೆಯುವುದಿಲ್ಲ, ಎನ್-95 ಮಾಸ್ಕ್ ಬೇಕು. ಇನ್ನೊಂದು ಮಾತು, ಬಹಳ ಮನೆಗಳಲ್ಲಿ ನೋಡಿದ್ದೇನೆ: ಕಿತ್ತ ಹಳೆಯ ಬಾಗಿಲಿನ ತುಂಡುಗಳು ಬಚ್ಚಲ ಒಲೆಗೆ ಹೋಗುತ್ತವೆ. ಬಣ್ಣ ಹಚ್ಚಿದ ಕಟ್ಟಿಗೆ ಉರಿದಾಗ ಸೀಸ ಹೊಗೆಯಲ್ಲಿ ಏಳುತ್ತದೆ, ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಿಂದಲೇ ಪಾತ್ರೆ ತಿಕ್ಕುವವರೂ ಇದ್ದಾರೆ!

ಬಣ್ಣ ಕಾಣದ ಹೊಸ ಕಟ್ಟಿಗೆಗೆ ಮಾತ್ರ ನೀರು ತಾಗಿಸಬಾರದು, ನಾರು ಎದ್ದು ನಿಲ್ಲುತ್ತದೆ. ಅದನ್ನು ಒಣ ಪಾಲಿಶ್ ಪೇಪರಿನಿಂದ, ಮೊದಲು 120 ಆಮೇಲೆ 180, ಎಳೆ ಹೋದ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಮೂರು ಕೋಟ್ ಬಣ್ಣದ ಕೆಳಗಿನಿಂದಲೂ ಇಣುಕುತ್ತದೆ.

ತಳವೇ ಕೆಲಸ

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಕಟ್ಟಿಗೆಯ ಗೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಸಂದುಗಳಿಗೆ ನಾರಿನ ಬಟ್ಟೆ, ಹುಣಸೆ ಬೀಜದ ಅಂಟು, ಕಟ್ಟಿಗೆ ಪುಡಿ ತುಂಬಿ, ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಉಜ್ಜಿದ ಮೇಲೆಯೇ ಬಣ್ಣ. ನಮ್ಮದೇ ಜಿಲ್ಲೆಯ ಕಲಘಟಗಿಯ ತೊಟ್ಟಿಲನ್ನು ಮುಟ್ಟಿ ನೋಡಿದವರಿಗೆ ಗೊತ್ತು. ಅರಗಿನ ಆ ಹೊಳಪಿನ ಮೇಲೆ ಬೆರಳು ಜಾರುತ್ತದೆ. ಅದನ್ನು ಮಾಡುವವರೂ ಚಿತ್ರಗಾರ ಮನೆತನದವರೇ. ಅಲ್ಲಿಯೂ ಹೊಳಪು ಕೊನೆಯ ಪದರು ಮಾತ್ರ.

ನಮ್ಮ ಬಾಗಿಲಿಗೆ ಆ ತಳ ಎಂದರೆ ಪ್ರೈಮರ್ ಮತ್ತು ಪುಟ್ಟಿ. ಮೊದಲು ಪ್ರೈಮರ್, ಆಮೇಲೆ ಪುಟ್ಟಿ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಒಣ ಕಟ್ಟಿಗೆಗೆ ಪುಟ್ಟಿ ಹಚ್ಚಿದರೆ ಅದರೊಳಗಿನ ಎಣ್ಣೆಯನ್ನು ಕಟ್ಟಿಗೆ ಹೀರಿಬಿಡುತ್ತದೆ, ಪುಟ್ಟಿ ಒಣ ರೊಟ್ಟಿಯ ಹಾಗೆ ಎದ್ದು ಬೀಳುತ್ತದೆ. ಗೋಡೆಗೆ ತಂದು ಉಳಿದ ಬಿಳಿ ಸಿಮೆಂಟಿನ ಪುಟ್ಟಿಯನ್ನು ಬಾಗಿಲಿಗೆ ಬಳಿಯುವುದು ಇನ್ನೊಂದು ತಪ್ಪು. ಕಟ್ಟಿಗೆ ಉಬ್ಬಿ ಕುಗ್ಗುತ್ತದೆ, ಸಿಮೆಂಟ್ ಹಾಗೆ ಮಾಡುವುದಿಲ್ಲ. ಕಟ್ಟಿಗೆಯ ಪುಟ್ಟಿಯನ್ನೇ ಕೇಳಿ ತನ್ನಿ. ಹಿಂದಿನವರು ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ರೊಟ್ಟಿ ಹಿಟ್ಟಿನ ಹಾಗೆ ನಾದಿಕೊಳ್ಳುತ್ತಿದ್ದರು. ನಾವು ಚಟ್ನಿಪುಡಿ ಮಾಡುವ ಅದೇ ಅಗಸಿ. ಆದರೆ ಈ ಎಣ್ಣೆ ಒರೆಸಿದ ಚಿಂದಿಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಗಾಳಿ ಸೇರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹೊರಗೆ ಹರಡಿ ಒಣಗಿಸಬೇಕು.

ಪುಟ್ಟಿಯನ್ನು ಅಗಲ ತಗಡಿನಿಂದ ತೆಳ್ಳಗೆ ಎಳೆದು, ಮರುದಿನ 220ರಿಂದ ಉಜ್ಜಿ, ಮತ್ತೊಂದು ಕೋಟ್ ಪ್ರೈಮರ್ ಕೊಟ್ಟೆವು. ರಾತ್ರಿ ಚಾಚಾ ದೀಪ ಆರಿಸಲು ಹೇಳಿ ಟಾರ್ಚನ್ನು ಬಾಗಿಲಿಗೆ ಒರಗಿಸಿ ಅಡ್ಡ ಬೆಳಕು ಬಿಟ್ಟರು. ಹಗಲಲ್ಲಿ ಕನ್ನಡಿಯಂತಿದ್ದ ಬಾಗಿಲಲ್ಲಿ ಗುಡ್ಡ, ಹಳ್ಳ ಎಲ್ಲ ಕಾಣಿಸಿದವು! ಪೆನ್ಸಿಲಿನಿಂದ ಗುರುತು ಹಾಕಿ ಮರುದಿನ ಮತ್ತೆ ಪುಟ್ಟಿ. ಆಪಾಳಿಗೆ ಬೇಜಾರಾಯಿತು. "ಇಷ್ಟು ಸಾಕಲ್ರೀ ಚಾಚಾ" ಎಂದಳು. "ನಿನಗ ಸಾಕು, ಬಾಗ್ಲಕ್ಕ ಸಾಲದು" ಎಂದರು ಚಾಚಾ.

ಕೊನೆಗೆ ಬಣ್ಣ

ಬಣ್ಣದ ಡಬ್ಬಿ ಕೊಳ್ಳುವಾಗ ಸೀಸ 90 ಪಿಪಿಎಂ ಮೀರಿಲ್ಲ ಎಂಬ ಬರಹ ನೋಡಿ. ಆ ಬರಹ ಇರಲೇಬೇಕೆಂದು ನಿಯಮವಿದೆ. ಹೆಸರಿಲ್ಲದ ಅಗ್ಗದ ಡಬ್ಬಿ ಬೇಡ. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಬಾಗಿಲಿಗೆ ಎರಡೂ ಮಗ್ಗುಲು, ಚೌಕಟ್ಟು ಸೇರಿ ಎರಡು ಕೋಟಿಗೆ ಅಂದಾಜು ಒಂದು ಲೀಟರ್ ಎನಾಮೆಲ್ ಬೇಕಾಗುತ್ತದೆ. ನೀರಿನಲ್ಲಿ ಕರಗುವ ಎನಾಮೆಲ್ ಈಗ ಸಿಗುತ್ತದೆ. ವಾಸನೆ ಕಡಿಮೆ, ಬೇಗ ಒಣಗುತ್ತದೆ, ಹಸುಗೂಸಿರುವ ಮನೆಗೆ ಅದೇ ಮೇಲು. ಆದರೆ ಬೇಗ ಒಣಗುವುದರಿಂದ ಕೈ ಚುರುಕಾಗಿರಬೇಕು. ನಾವು ಎಣ್ಣೆಯದನ್ನೇ ಹಚ್ಚಿದೆವು.

ಮೊದಲ ಸಲ ಬಣ್ಣ ಒಣಗದೆ ಅಂಟಿದ್ದರ ಗುಟ್ಟು ಈಗ ತಿಳಿಯಿತು. ಅಂಗಡಿಯೊಂದರಲ್ಲಿ ಬಿಡಿಯಾಗಿ ಅಳೆದು ಕೊಟ್ಟ ಟರ್ಪೆಂಟೈನ್ ಮೂಸಿ ನೋಡಿದರೆ ಸೀಮೆಎಣ್ಣೆಯ ವಾಸನೆ. ಸೀಮೆಎಣ್ಣೆ ಬೇಗ ಆರುವುದಿಲ್ಲ, ಬಣ್ಣದೊಳಗೇ ಜಿಡ್ಡಾಗಿ ಕೂತು ಹೊಳಪು ಕೊಲ್ಲುತ್ತದೆ. ಮೊಹರಾದ ಬಾಟಲಿಯನ್ನೇ ತರಬೇಕು. ಬಣ್ಣ ಒಣಗುವುದು ಎರಡು ಹಂತದಲ್ಲಿ. ಮೊದಲು ಟರ್ಪೆಂಟೈನ್ ಆರುತ್ತದೆ, ಆಮೇಲೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ದಪ್ಪಗೆ ಬಳಿದರೆ ಹಾಲಿನ ಕೆನೆಯಂತೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿಯಾಗಿಯೇ ಉಳಿದು ನೆರಿಗೆ ಬೀಳುತ್ತದೆ. ಆದ್ದರಿಂದ ತೆಳುವಾದ ಎರಡು ಮೂರು ಕೋಟ್.

ಬಿಜಾಗರಿ ಬಿಚ್ಚಿ ಬಾಗಿಲನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿದೆವು. ನಿಂತ ಬಾಗಿಲಲ್ಲಿ ಬಣ್ಣ ಇಳಿಯುತ್ತದೆ, ಮಲಗಿದ ಬಾಗಿಲಲ್ಲಿ ತಾನಾಗಿ ಸಮನಾಗುತ್ತದೆ. ಹಳೆಯ ಮಲಮಲ್ ದುಪ್ಪಟ್ಟಾದಲ್ಲಿ ಬಣ್ಣ ಸೋಸಿದಾಗ ಉಳಿದ ಗಷ್ಟು ನೋಡಿ ಆಪಾ ಬಾಯಿಯ ಮೇಲೆ ಕೈಯಿಟ್ಟಳು. ಹೊಸ ಬ್ರಷ್ಷನ್ನು ಅಂಗೈಗೆ ಹತ್ತಾರು ಸಲ ಬಡಿದು, ಸಡಿಲ ಕೂದಲು ಕಿತ್ತು, ತೊಳೆದು ಒಣಗಿಸಿಕೊಂಡಿದ್ದೆವು. ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ನಿಲ್ಲಿಸಿ, ಗಾಳಿಯಾಡಲು ಕಿಟಕಿ ಮಾತ್ರ ತೆರೆದು, ಇಬ್ಬನಿ ಆರಿದ ಮೇಲೆ ಹತ್ತು ಗಂಟೆಗೆ ಶುರು. ಮಧ್ಯಾಹ್ನ ಎರಡರೊಳಗೆ ಮುಗಿಯಬೇಕು. ಸಂಜೆ ದೀಪ ಹಾಕಿದರೆ ಹುಳ ಬರುತ್ತವೆ.

ಸಣ್ಣ ಫೋಮ್ ರೋಲರಿನಿಂದ ಆಪಾ ಬಣ್ಣ ಹರಡಿದಂತೆ, ಬೆನ್ನಿಗೇ ನಾನು ಬಹುತೇಕ ಒಣಗಿದ ಬ್ರಷ್ಷಿನ ತುದಿಯಿಂದ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಎಳೆತ ಎಳೆದೆ. ಮಲಗಿದ ಮಗುವಿನ ಮೇಲೆ ಚಾದರ ಎಳೆದಷ್ಟು ಹಗುರ. ಐದು ನಿಮಿಷ ಕಳೆದ ಮೇಲೆ ಎಲ್ಲೋ ಬಿಟ್ಟುಹೋದ ಚುಕ್ಕೆ ಕಂಡಿತು, ಕೈ ತುರಿಸಿತು. "ಮುಟ್ಟಬ್ಯಾಡ!" ಎಂದರು ಚಾಚಾ. ಅರೆ ಒಣಗಿದ ಬಣ್ಣಕ್ಕೆ ಬ್ರಷ್ ತಾಗಿಸಿದರೆ ಬರೆ ಬೀಳುತ್ತದೆ. ಆ ಚುಕ್ಕೆಯನ್ನು ಎರಡನೆಯ ಕೋಟ್ ನೋಡಿಕೊಂಡಿತು. ನಡುವೆ ಪೂರ್ತಿ ಒಂದು ದಿನ ಬಿಟ್ಟು, 400ರ ವಾಟರ್ ಪೇಪರಿನಿಂದ ಹಗುರಾಗಿ ಉಜ್ಜಿ, ಒರೆಸಿ, ಒಣಗಿಸಿಯೇ ಎರಡನೆಯದು.

ಬಾಗಿಲ ನೆತ್ತಿ ಮತ್ತು ಅಡಿ, ಈ ಎರಡು ಅಂಚು ಯಾರ ಕಣ್ಣಿಗೂ ಬೀಳುವುದಿಲ್ಲ. ಪೇಂಟರುಗಳು ಬಿಡುವುದೂ ಇವನ್ನೇ. ಮಳೆಗಾಲದ ತೇವ ಒಳಹೋಗುವುದು ಅಲ್ಲಿಂದಲೇ, ನೆಲ ಒರೆಸಿದ ನೀರು ಏರುವುದೂ ಅಲ್ಲಿಂದಲೇ. ಬಿಜಾಗರಿ ಬಿಚ್ಚಿದ್ದಾಗಲೇ ಅವಕ್ಕೂ ಪ್ರೈಮರ್, ಬಣ್ಣ ಕೊಟ್ಟುಬಿಡಿ. ಈ ಸಲದ ಮಳೆಯಲ್ಲಿ ಆಪಾ ಮನೆಯ ಬಾಗಿಲುಗಳು ಚೌಕಟ್ಟಿಗೆ ಸಿಕ್ಕಿಕೊಳ್ಳಲಿಲ್ಲ.

ಬಾಗಿಲನ್ನು ಮತ್ತೆ ಕೂರಿಸಿದ ಮೇಲೆ ಎರಡು ಮೂರು ದಿನ ಪೂರ್ತಿ ಮುಚ್ಚಬೇಡಿ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಎಳೆಯದಿರುತ್ತದೆ, ಚೌಕಟ್ಟಿಗೆ ಅಂಟಿ ಸುಲಿದು ಬರುತ್ತದೆ. ಒಂದು ಹಳೆಯ ಬಟ್ಟೆಯನ್ನು ಮಡಿಸಿ ಬಾಗಿಲ ಅಡಿಗೆ ಸಿಕ್ಕಿಸಿಡಿ. ಆಪಾ ಮನೆಯಲ್ಲಿ ಆ ಬಟ್ಟೆಯನ್ನು ದಿನಕ್ಕೆ ಹತ್ತು ಸಲ ಎಳೆದುಹಾಕುತ್ತಿದ್ದವನು ಯಾರೆಂದು ಹೇಳಬೇಕಿಲ್ಲ. ಈಗ ಅವನು ನಡೆಯುತ್ತಾನೆ.